‘ಓದು ಯಾವಾಗ ಮುಗಿಯುತ್ತೆ?’ ಎಂಬ ಪ್ರಶ್ನೆಗೆ ಹೆದರಿ ಊರಿಗೇ ಹೋಗುತ್ತಿಲ್ಲ

ಪ್ರಶ್ನೆ: ನನಗೆ 31 ವರ್ಷ. ನಮ್ಮದು ನ್ಯಾಮತಿ ತಾಲ್ಲೂಕಿನ ಒಂದು ಹಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹೊನ್ನಾಳಿಯಲ್ಲಿ ಬಿ.ಎಸ್ಸಿ, ಶಂಕರಘಟ್ಟದಲ್ಲಿ ಬಯೊಟೆಕ್ನಾಲಜಿ ಎಂ.ಎಸ್ಸಿ ಮಾಡಿದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದಾಗ ಊರಲ್ಲಿ ಕರೆದು ಹಾರ ಹಾಕಿದ್ದರು. ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ. ಐದನೇ ವರ್ಷ ಮುಗಿಯುತ್ತಾ ಬಂತು. ರೇಷ್ಮೆಯ ಪ್ರೋಟೀನಿನಿಂದ ಹಂದರ ಮಾಡಿ, ಅದರ ಮೇಲೆ ಮೂಳೆಯ ಜೀವಕೋಶ ಬೆಳೆಸುವುದು ನನ್ನ ವಿಷಯ. ಕಳೆದ ವರ್ಷ ಮೂರು ಸಲ ಫಂಗಸ್ ತಗುಲಿ ಇಡೀ ಪ್ರಯೋಗ ಹಾಳಾಯಿತು. ಕಳಿಸಿದ ಪೇಪರ್ ಎರಡು ಜರ್ನಲ್‌ಗಳಿಂದ ವಾಪಸು ಬಂತು. ಗೈಡ್ ಸಿಗುವುದೇ ಅಪರೂಪ, ಸಿಕ್ಕಾಗಲೂ ‘ಇನ್ನೂ ಡೇಟಾ ಬೇಕು’ ಅನ್ನುತ್ತಾರೆ. ಫೆಲೋಶಿಪ್ ಕೆಲವೇ ತಿಂಗಳಲ್ಲಿ ನಿಲ್ಲುತ್ತದೆ. ಅದರಲ್ಲೇ ಪಿಜಿ ಬಾಡಿಗೆ ಕಟ್ಟಿ, ಉಳಿದದ್ದನ್ನು ಅಪ್ಪನ ಬೋರ್‌ವೆಲ್ ಸಾಲಕ್ಕೆ ಕಳಿಸುತ್ತಿದ್ದೆ.

ಊರಿಗೆ ಹೋದರೆ ಅವ್ವನಿಂದ ಹಿಡಿದು ಬಸ್‌ಸ್ಟಾಂಡಿನವರವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಯಾವಾಗ ಮುಗೀತೈತವ್ವ ನಿನ್ನ ಓದು?’ ಚನ್ನಗಿರಿಯ ಸೋದರಮಾವ ‘ಡಾಕ್ಟ್ರಾದ್ಮೇಲೆ ಆಸ್ಪತ್ರೆ ಎಲ್ಲಿ ಹಾಕ್ತೀಯವ್ವ?’ ಅನ್ನುತ್ತಾರೆ. ಜಗಳೂರಿಗೆ ಕೊಟ್ಟಿರುವ ಅಕ್ಕನಿಗೆ ಇಬ್ಬರು ಮಕ್ಕಳು, ನನ್ನ ಮದುವೆಯ ಮಾತು ದಿನಾ ನಡೆಯುತ್ತದಂತೆ. ಈ ಯುಗಾದಿಗೆ ‘ಪ್ರಯೋಗ ಇದೆ’ ಎಂದು ಸುಳ್ಳು ಹೇಳಿ ಹಾಸ್ಟೆಲಿನಲ್ಲಿದ್ದ ಗೆಳತಿಯ ರೂಮಿನಲ್ಲಿ ಕಳೆದೆ. ನಿದ್ದೆ ಬರುವುದಿಲ್ಲ. ಲ್ಯಾಬಿಗೆ ಹೊರಡುವಾಗ ಹೊಟ್ಟೆ ತೊಳಸುತ್ತದೆ. ಒಂದೊಂದು ರಾತ್ರಿ, ಬೆಳಗ್ಗೆ ಏಳದೇ ಹೋದರೆ ಎಲ್ಲರಿಗೂ ನೆಮ್ಮದಿ ಅನ್ನಿಸುತ್ತದೆ. ಎಲ್ಲ ಬಿಟ್ಟು ಬರಲೇ? ಬಂದರೆ ಇಷ್ಟು ವರ್ಷ ಹಾಳು ಮಾಡಿದ ಹಾಗಲ್ಲವೇ?

– ಹೆಸರು ಬೇಡ, ನ್ಯಾಮತಿ ತಾಲ್ಲೂಕು

ಉತ್ತರ: ಇಷ್ಟನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ಮಾತುಗಳಿವು ಎಂಬುದು ಪತ್ರ ಓದಿದರೆ ತಿಳಿಯುತ್ತದೆ. ಪ್ರಯೋಗ, ಪೇಪರ್, ಫೆಲೋಶಿಪ್ ಎಲ್ಲದರ ಬಗ್ಗೆಯೂ ಮಾತಾಡೋಣ. ಆದರೆ ನೀವು ಕೊನೆಯಲ್ಲಿ ಬರೆದ ಮಾತನ್ನು ನಾನು ಮೊದಲು ಎತ್ತಿಕೊಳ್ಳಬೇಕು.

ಬೆಳಗ್ಗೆ ಏಳದೇ ಹೋದರೆ ಎಲ್ಲರಿಗೂ ನೆಮ್ಮದಿ ಎಂದು ಬರೆದಿದ್ದೀರಿ. ಹಾಗೆ ಅನ್ನಿಸಿದ್ದಕ್ಕೆ ನೀವು ನಾಚಿಕೆಪಡಬೇಕಾಗಿಲ್ಲ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ದಣಿದ ಮನಸ್ಸಿಗೆ ಇಂಥ ಯೋಚನೆ ಬರುತ್ತದೆ. ಆದರೆ ಅದನ್ನು ಒಬ್ಬರೇ ಇಟ್ಟುಕೊಂಡು ಮಲಗಬಾರದು. ಇವತ್ತೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಸಂಸ್ಥೆಯಲ್ಲಿ ಆಪ್ತಸಮಾಲೋಚಕರಿದ್ದರೆ ಈ ವಾರವೇ ಭೇಟಿ ಮಾಡಿ. ಯುಗಾದಿಗೆ ರೂಮಿನಲ್ಲಿ ಜಾಗ ಕೊಟ್ಟ ಗೆಳತಿಗೆ ಈ ಒಂದು ಮಾತನ್ನು ಹೇಳಿ. ಯೋಚನೆ ತೀವ್ರವಾದ ರಾತ್ರಿ ಅವರ ಜೊತೆಯಲ್ಲೇ ಇರಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ನಿದ್ದೆ ಕೆಡುವುದು, ಬೆಳಗ್ಗೆ ಹೊಟ್ಟೆ ತೊಳಸುವುದು ನಿಮ್ಮ ಹಟದ ಕೊರತೆಯಿಂದ ಬಂದದ್ದಲ್ಲ. ವೈದ್ಯರಿಗೆ ತೋರಿಸಿದರೆ ಕಡಿಮೆಯಾಗುವ ತೊಂದರೆಗಳಿವು.

ಇನ್ನು ನಿಮ್ಮ ಸಂಕಟದ ವಿಷಯ. ಸೋಲಿನ ನೋವಿಗಿಂತ ನಾಚಿಕೆಯ ಭಾರವೇ ನಿಮ್ಮ ಪತ್ರದಲ್ಲಿ ಹೆಚ್ಚಾಗಿ ಕಾಣುತ್ತದೆ. ಊರು ಹಾಕಿದ ಹಾರ ಈಗ ತೀರಿಸಬೇಕಾದ ಸಾಲದ ಹಾಗೆ ನಿಮ್ಮನ್ನು ಕಾಡುತ್ತಿದೆ. ಮನೆಯಲ್ಲಿ ಮೊದಲು ಇಷ್ಟು ದೂರ ಓದಿದವರಿಗೆ ಇದು ಹೆಚ್ಚು ಕಾಡುತ್ತದೆ. ಕಷ್ಟ ಹೇಳಿಕೊಂಡರೆ ಅರ್ಥ ಮಾಡಿಕೊಳ್ಳುವವರು ಮನೆಯಲ್ಲಿಲ್ಲ ಅನ್ನಿಸುತ್ತದೆ. ಲ್ಯಾಬಿನಲ್ಲಿ ಹೇಳಿದರೆ ತಾನು ಇಲ್ಲಿಗೆ ಸೇರಿದವಳೇ ಅಲ್ಲ ಎಂದು ತಿಳಿದಾರೆಂಬ ಅಳುಕು. ಎರಡೂ ಕಡೆ ಬಾಯಿ ಕಟ್ಟಿದಾಗ ಮನುಷ್ಯ ಬಚ್ಚಿಟ್ಟುಕೊಳ್ಳುತ್ತಾನೆ. ನೀವು ಸುಳ್ಳು ಹೇಳಿದ್ದು ಮನೆಯವರ ಮೇಲೆ ಪ್ರೀತಿಯಿಲ್ಲದೆ ಅಲ್ಲ, ಅವರ ಮುಖದಲ್ಲಿ ನಿರಾಸೆ ನೋಡಲು ಆಗುವುದಿಲ್ಲ ಎಂದು. ಅಷ್ಟು ಅರ್ಥವಾದರೆ, ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳುವುದು ಸ್ವಲ್ಪ ಕಡಿಮೆಯಾದೀತು.

ಈಗ ಒಂದು ವಿಷಯವನ್ನು ಬೇರೆ ಮಾಡಿ ನೋಡೋಣ. ಕೆಲಸ ನಿಧಾನವಾಗಿದೆ ಎಂಬುದು ಒಂದು ಸಂಗತಿ. ‘ನಾನು ಯೋಗ್ಯಳಲ್ಲ’ ಎಂಬುದು ಅದರಿಂದ ನೀವು ತೆಗೆದ ತೀರ್ಮಾನ. ಮೊದಲನೆಯದು ನಿಜವಿರಬಹುದು. ಎರಡನೆಯದಕ್ಕೆ ನಿಮ್ಮ ಪತ್ರದಲ್ಲಿ ಒಂದು ಸಾಕ್ಷಿಯೂ ಇಲ್ಲ.

ಹೊರಗಿನವರಿಗೂ ತಿಳಿಯಲಿ ಎಂದು ನಿಮ್ಮ ಕೆಲಸದ ರೀತಿಯನ್ನು ಇಲ್ಲಿ ಹೇಳುತ್ತೇನೆ. ರೇಷ್ಮೆಗೂಡನ್ನು ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಕುದಿಸಿ ಮೇಲಿನ ಅಂಟನ್ನು ತೆಗೆಯಬೇಕು. ಉಳಿದ ನೂಲನ್ನು ಕರಗಿಸಿ, ಶುದ್ಧ ಮಾಡಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸೂಕ್ಷ್ಮ ರಂಧ್ರಗಳ ಹಂದರ ಸಿಗುತ್ತದೆ. ಅದರ ಮೇಲೆ ಜೀವಕೋಶ ಬಿತ್ತಿ, 37 ಡಿಗ್ರಿ ಶಾಖದಲ್ಲಿ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಸಾಕಬೇಕು. ಎರಡು ಮೂರು ದಿನಕ್ಕೊಮ್ಮೆ ಆಹಾರದ ದ್ರವ ಬದಲಿಸಬೇಕು, ಭಾನುವಾರವೂ ಬಿಡುವಿಲ್ಲ. ಆ ಕೋಶಗಳು ಮೂಳೆಯ ಗುಣ ತೋರಿಸಲು ಮೂರು ನಾಲ್ಕು ವಾರ ಬೇಕು. ಹದಿನೆಂಟನೇ ದಿನ ಫಂಗಸ್ ಬಂದರೆ ಎಲ್ಲವನ್ನೂ ಎಸೆದು, ಪೆಟ್ಟಿಗೆ ತೊಳೆದು, ಮತ್ತೆ ಒಂದನೇ ದಿನದಿಂದ ಶುರು ಮಾಡಬೇಕು. ಪ್ರಾಣಿಗಳಲ್ಲಿ ಪರೀಕ್ಷೆ ಮಾಡುವುದಾದರೆ ನೈತಿಕ ಸಮಿತಿಯ ಒಪ್ಪಿಗೆಗೆ ಕಾಯಬೇಕು, ಆಮೇಲೆ ಮೂಳೆ ಕೂಡುವುದಕ್ಕೆ ವಾರಗಟ್ಟಲೆ ಕಾಯಬೇಕು. ಇಂಥ ಕೆಲಸದಲ್ಲಿ ಮೂರು ಸಲ ಫಂಗಸ್ ಬಂದರೆ ಒಂದು ವರ್ಷ ಹೋಗುವುದು ಲೆಕ್ಕಕ್ಕೆ ಸಹಜ. ನೀವು ಸೋಮಾರಿಯಾಗಿದ್ದಿರಿ ಎಂದು ಅದು ಹೇಳುವುದಿಲ್ಲ.

ನಿಮ್ಮ ಕ್ಷೇತ್ರಕ್ಕೆ ಹತ್ತಿರದ ಒಂದು ಕಥೆ ನಿಮಗೆ ಗೊತ್ತಿರಬಹುದು, ಬೇರೆಯವರಿಗಾಗಿ ಹೇಳುತ್ತೇನೆ. ಹೃದಯದ ಕವಾಟ ಕೆಟ್ಟವರಿಗೆ ನಮ್ಮ ದೇಶದಲ್ಲೇ, ಕಡಿಮೆ ಬೆಲೆಗೆ ಕೃತಕ ಕವಾಟ ಸಿಗಬೇಕು ಎಂದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡ 1970ರ ದಶಕದಲ್ಲಿ ಕೆಲಸ ಶುರು ಮಾಡಿತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಪ್ರತಿ ಸಲ ಯಾವ ಭಾಗ ಕೈಕೊಟ್ಟಿತು ಎಂದು ನೋಡಿ ಲೋಹ ಬದಲಿಸಿದರು, ತಟ್ಟೆಯ ವಸ್ತು ಬದಲಿಸಿದರು. ನಾಲ್ಕನೇ ಮಾದರಿ ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ಆಮೇಲೆ ಒಂದು ಲಕ್ಷಕ್ಕೂ ಮೀರಿ ಜನರಿಗೆ ಅದೇ ಕವಾಟ ಬಂದಿದೆ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದರು, 2024ರಲ್ಲಿ ತೀರಿಕೊಂಡರು.

ಕಾಯುತ್ತಾ ಇದ್ದರೆ ನಿಮಗೂ ಹಾಗೆಯೇ ಗೆಲುವು ಬರುತ್ತದೆ ಎಂದು ಸಮಾಧಾನ ಹೇಳಲು ಈ ಕಥೆ ತೆಗೆಯಲಿಲ್ಲ. ಆ ಮಾತು ಯಾರೂ ಕೊಡಲಾರರು. ಆ ತಂಡಕ್ಕೆ ಸಂಬಳವಿತ್ತು, ಸಂಸ್ಥೆಯಿತ್ತು, ಸೋತ ಮಾದರಿಯನ್ನು ಮೇಜಿನ ಮೇಲಿಟ್ಟು ಒಟ್ಟಿಗೆ ಕೂತು ಮಾತಾಡುವ ಜನರಿದ್ದರು. ನಿಮ್ಮ ಬಳಿ ಇರುವುದು ಮುಗಿಯುತ್ತಿರುವ ಫೆಲೋಶಿಪ್, ಮತ್ತು ಯಾರಿಗೂ ಹೇಳದೆ ಇಟ್ಟುಕೊಂಡ ಮೂರು ಸೋಲು. ಇಲ್ಲಿ ಬದಲಾಗಬೇಕಾದದ್ದು ಒಂಟಿತನ. ಹೆಚ್ಚು ಹೊತ್ತು ಲ್ಯಾಬಿನಲ್ಲಿ ಕೂತರೆ ಅದು ಬದಲಾಗುವುದಿಲ್ಲ. ಕೆಲಸದ ಲೆಕ್ಕವನ್ನು ಇನ್ನೊಬ್ಬರ ಮುಂದೆ ಬಿಚ್ಚಿಟ್ಟರೆ ಬದಲಾಗುತ್ತದೆ. ಅದಕ್ಕೆ ಕೆಲವು ಹೆಜ್ಜೆ ಹೇಳುತ್ತೇನೆ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಬೇಕಾಗಿಲ್ಲ.

1. ಬಿಡುವ ತೀರ್ಮಾನವನ್ನು ಸ್ವಲ್ಪ ಮುಂದಕ್ಕೆ ಹಾಕಿ. ನಿದ್ದೆ ಕೆಟ್ಟಿರುವಾಗ ‘ಬಿಟ್ಟುಬಿಡುತ್ತೇನೆ’ ಎಂಬ ನಿರ್ಧಾರವೂ ಬೇಡ, ‘ಸತ್ತರೂ ಮುಗಿಸುತ್ತೇನೆ’ ಎಂಬ ಶಪಥವೂ ಬೇಡ. ಮೊದಲು ವೈದ್ಯರನ್ನೋ ಸಮಾಲೋಚಕರನ್ನೋ ಕಂಡು, ಕೆಲವು ವಾರ ನಿದ್ದೆ ಊಟ ಸರಿಯಾಗಲಿ. ಆಮೇಲೆ ಮಾಡುವ ತೀರ್ಮಾನ ನಿಮ್ಮದಾಗಿರುತ್ತದೆ. ಈಗ ಮಾಡಿದರೆ ಅದು ದಣಿವಿನ ತೀರ್ಮಾನ.

2. ನಿಮಗಿರುವ ಕಾಲಾವಕಾಶವನ್ನು ಕಾಗದದ ಮೇಲೆ ತಿಳಿದುಕೊಳ್ಳಿ. ಫೆಲೋಶಿಪ್ ನಿಲ್ಲುವ ದಿನವನ್ನೇ ಪಿಎಚ್‌.ಡಿಯ ಕೊನೆಯ ದಿನ ಎಂದು ನೀವು ಭಾವಿಸಿದಂತಿದೆ. ಎರಡೂ ಬೇರೆ. ಫೆಲೋಶಿಪ್ ಸಿಗುವುದು ಜೆಆರ್‌ಎಫ್, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಸೇರಿ 5 ವರ್ಷ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌.ಡಿಗೆ ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೂ 2 ವರ್ಷ, ಮಹಿಳೆಯರಿಗೆ ಮತ್ತೂ 2 ವರ್ಷದವರೆಗೆ ಅವಕಾಶವಿದೆ. ಪೇಪರ್ ಪ್ರಕಟವಾಗದೆ ಪ್ರಬಂಧ ಸಲ್ಲಿಸುವಂತಿಲ್ಲ ಎಂಬ ಕಡ್ಡಾಯವನ್ನೂ ಯುಜಿಸಿ ಆಗ ಕೈಬಿಟ್ಟಿತು. ಆದರೆ ಸಂಸ್ಥೆಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ನೀವು ಸೇರಿದ ವರ್ಷಕ್ಕೆ ಯಾವುದು ಅನ್ವಯ ಎಂದು ಅಕಾಡೆಮಿಕ್ ವಿಭಾಗದಲ್ಲಿ ಕೇಳಿ, ಬರೆದುಕೊಳ್ಳಿ. ಫೆಲೋಶಿಪ್ ಮುಗಿದ ಮೇಲೆ ಸಂಸ್ಥೆಯ ನೆರವೋ ಗೈಡ್‌ನ ಪ್ರಾಜೆಕ್ಟಿನಲ್ಲಿ ಕೆಲಸವೋ ಸಿಗಬಹುದೇ ಎಂದೂ ಅದೇ ದಿನ ಕೇಳಿ.

3. ಗೈಡ್ ಜೊತೆ ಬೇರೆ ಥರದ ಮಾತುಕತೆ ನಡೆಸಿ. ‘ಇನ್ನೂ ಡೇಟಾ ಬೇಕು’ ಎನ್ನುವ ಗೈಡ್ ನಿಮ್ಮನ್ನು ಕಡೆಗಣಿಸುತ್ತಿದ್ದಾರೆ ಎಂದೇ ತಿಳಿಯಬೇಡಿ. ಅವರಿಗೂ ಹತ್ತು ಕೆಲಸ ಇರಬಹುದು, ನೀವು ಇಷ್ಟು ಕಷ್ಟದಲ್ಲಿದ್ದೀರಿ ಎಂಬುದು ಅವರಿಗೆ ಗೊತ್ತೇ ಇಲ್ಲದಿರಬಹುದು. ಒಂದು ಹಾಳೆಯಲ್ಲಿ ಅಧ್ಯಾಯಗಳ ಪಟ್ಟಿ ಮಾಡಿ. ಮುಗಿದದ್ದು ಯಾವುದು, ಅರ್ಧವಾದದ್ದು ಯಾವುದು, ಪ್ರತಿಯೊಂದಕ್ಕೂ ಇನ್ನೆಷ್ಟು ವಾರ ಎಂದು ಬರೆಯಿರಿ. ಅದನ್ನು ಇಮೇಲ್‌ನಲ್ಲಿ ಕಳಿಸಿ ಅರ್ಧ ಗಂಟೆ ಸಮಯ ಕೇಳಿ. ‘ಸರ್, ಪ್ರಬಂಧ ಸಲ್ಲಿಸಲು ಯಾವ ಯಾವ ಪ್ರಯೋಗವಾದರೆ ಸಾಕು?’ ಎಂದು ನೇರವಾಗಿ ಕೇಳಿ. ಒಪ್ಪಿದ್ದನ್ನು ಅಂದೇ ಬರೆದು ಕಳಿಸಿ. ಫಂಗಸ್ ಮೂರು ಸಲ ಬಂದದ್ದನ್ನೂ ಮುಚ್ಚಿಡಬೇಡಿ, ಕಾರಣ ಹುಡುಕಲು ಹಿರಿಯ ಸಹೋದ್ಯೋಗಿಯೊಬ್ಬರನ್ನು ಕೇಳಿಕೊಳ್ಳಿ. ಹೀಗೆ ಮಾಡಿಯೂ ಉತ್ತರ ಬರದಿದ್ದರೆ ನಿಮ್ಮ ಸಂಶೋಧನಾ ಸಲಹಾ ಸಮಿತಿಯ ಮುಂದೆ ಇಡಿ. ವಿದ್ಯಾರ್ಥಿಯ ಪ್ರಗತಿ ನೋಡುವುದು ಆ ಸಮಿತಿಯ ಕರ್ತವ್ಯ. ಅವರ ಬಳಿ ಹೋಗುವುದು ಗೈಡ್ ಮೇಲೆ ದೂರು ಕೊಟ್ಟಂತಲ್ಲ.

4. ಮುಂದಿನ ದಾರಿ ಒಂದೇ ಅಲ್ಲ ಎಂಬುದನ್ನು ಕಣ್ಣಾರೆ ನೋಡಿ. ನೀವು ಜೆಆರ್‌ಎಫ್ ಪಡೆದವರು. ಅದು ನೆಟ್ ಮೂಲಕ ಬಂದದ್ದಾದರೆ, ಅದೇ ಪರೀಕ್ಷೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಅರ್ಹತೆ ಕೊಡುತ್ತದೆ. ಪಿಎಚ್‌.ಡಿ ಮುಗಿದರೂ ಮುಗಿಯದಿದ್ದರೂ ಅದು ನಿಮ್ಮ ಕೈಯಲ್ಲೇ ಇರುತ್ತದೆ. ಸಂಶೋಧನೆಯಲ್ಲೇ ಮುಂದುವರಿಯುವ ಮನಸ್ಸಿದ್ದರೆ, ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ವಯೋಮಿತಿ 35, ಮಹಿಳೆಯರಿಗೆ 5 ವರ್ಷ ಸಡಿಲಿಕೆ. 31ಕ್ಕೆ ಏನೂ ತಡವಾಗಿಲ್ಲ. ಕಂಪನಿಗಳ ಕಡೆಯೂ ನೋಡಿ. 2018ರ ಜನವರಿಯಿಂದ ವೈದ್ಯಕೀಯ ಸಾಧನಗಳಿಗೆ ಪ್ರತ್ಯೇಕ ನಿಯಮ ಜಾರಿಗೆ ಬಂದ ಮೇಲೆ, ದೇಹದೊಳಗೆ ಇಡುವ ವಸ್ತು ಸುರಕ್ಷಿತವೇ ಎಂದು ಪರೀಕ್ಷಿಸಿ ದಾಖಲೆ ಮಾಡಬಲ್ಲವರು ಬೇಕಾಗಿದ್ದಾರೆ. ಜೀವಕೋಶ ಸಾಕಿ, ವಿಷಕಾರಿಯೇ ಅಲ್ಲವೇ ಎಂದು ನೋಡಲು ಈ ಐದು ವರ್ಷದಲ್ಲಿ ಕಲಿತಿದ್ದೀರಲ್ಲ, ಅವರಿಗೆ ಬೇಕಾದದ್ದು ಅದೇ. ಬೆಂಗಳೂರಿನಲ್ಲೇ ಪಂಡೋರಮ್, ಸ್ಟೆಂಪ್ಯೂಟಿಕ್ಸ್‌ನಂಥ ಕಂಪನಿಗಳು ಅಂಗಾಂಶ ಮತ್ತು ಕಾಂಡಕೋಶಗಳ ಮೇಲೆ ಕೆಲಸ ಮಾಡುತ್ತಿವೆ. ಅಲ್ಲಿ ಅಥವಾ ಅಂಥ ಕಡೆ ಕೆಲಸ ಮಾಡುವ ಒಬ್ಬರ ಜೊತೆ ಮಾತಾಡಿ, ಅರ್ಜಿ ಹಾಕಲೇಬೇಕೆಂದಿಲ್ಲ. ದಾರಿ ಎರಡು ಮೂರಿವೆ ಎಂದು ಗೊತ್ತಾದರೆ ಇರುವ ದಾರಿಯ ಭಯ ಅರ್ಧ ಕಡಿಮೆಯಾಗುತ್ತದೆ.

ಇವೆಲ್ಲ ಆದಮೇಲೆ ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತು ಮಾಡಿ, ಆರು ತಿಂಗಳ ನಂತರದ್ದು. ಅಂದು ಗೈಡ್ ಒಪ್ಪಿದ ಪಟ್ಟಿಯಲ್ಲಿ ಎಷ್ಟು ಮುಗಿದಿದೆ, ನಿಮ್ಮ ಆರೋಗ್ಯ ಹೇಗಿದೆ ಎಂದು ನೋಡಿ ತೀರ್ಮಾನಿಸಿ. ಮುಂದುವರಿದರೆ ಒಳ್ಳೆಯದು. ಬಿಟ್ಟು ಬಂದರೆ ವರ್ಷಗಳು ಹಾಳಾದವೇ ಎಂದು ಕೇಳಿದ್ದೀರಿ. ಇಲ್ಲ. ಕಲಿತ ಕೈಕೆಲಸ ನಿಮ್ಮ ಜೊತೆ ಬರುತ್ತದೆ. ಕಳೆದ ವರ್ಷಗಳನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಮುಂದಿನ ವರ್ಷಗಳನ್ನು ಕೊಡಬೇಡಿ. ಮುಂದುವರಿಯುವುದಾದರೆ ಕೆಲಸ ಇಷ್ಟ ಎಂಬ ಕಾರಣಕ್ಕೆ, ಮುಗಿಯುವ ದಾರಿ ಕಾಣುತ್ತಿದೆ ಎಂಬ ಕಾರಣಕ್ಕೆ ಮುಂದುವರಿಯಿರಿ.

5. ಮನೆಯವರ ಜೊತೆ ಮಾತಾಡಿ. ಇದು ನಿಮಗೆ ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಹೆಚ್ಚು ಹಗುರ ಮಾಡುವುದೂ ಇದೇ. ನಿಮ್ಮ ಕಡೆಯ ಜನಕ್ಕೆ ಕಾಯುವುದು ಗೊತ್ತಿಲ್ಲ ಎಂದುಕೊಳ್ಳಬೇಡಿ. ಅಡಿಕೆ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ಕಾಯುತ್ತಾರೆ. ಆದರೆ ತೋಟಕ್ಕೆ ಹೋದರೆ ಗಿಡ ಕಣ್ಣಿಗೆ ಬೀಳುತ್ತದೆ, ಈ ವರ್ಷ ಇಷ್ಟು ಎತ್ತರ ಬಂತು ಎಂದು ಗೊತ್ತಾಗುತ್ತದೆ. ನಿಮ್ಮ ಕೆಲಸ ಅವರ ಕಣ್ಣಿಗೆ ಬಿದ್ದೇ ಇಲ್ಲ. ‘ಯಾವಾಗ ಮುಗೀತೈತೆ’ ಎಂಬುದರ ಹಿಂದಿರುವುದು ಹೆಚ್ಚಾಗಿ ‘ನೀನು ಚೆನ್ನಾಗಿದ್ದೀಯೇನವ್ವ’ ಎಂಬ ಕಾಳಜಿ. ಕೇಳಲು ಅವರಿಗೆ ಬೇರೆ ಮಾತು ಗೊತ್ತಿಲ್ಲ, ಅಷ್ಟೆ.

ಆದ್ದರಿಂದ ಅವರಿಗೆ ತೋರಿಸಿ. ಅಪಘಾತದಲ್ಲಿ ಮೂಳೆಯ ಚೂರೇ ಹೋದರೆ ಆ ಖಾಲಿ ಜಾಗದಲ್ಲಿ ಇಡುವ ರೇಷ್ಮೆಯ ಹಂದರ ಇದು, ಅದರ ಮೇಲೆ ಹೊಸ ಮೂಳೆ ಬೆಳೆಯುತ್ತದೆ, ಆಮೇಲೆ ರೇಷ್ಮೆ ಕರಗಿಹೋಗುತ್ತದೆ ಎಂದು ಅಪ್ಪನಿಗೆ ಹೇಳಿ. ಫೋನಿನಲ್ಲಿರುವ ಫೋಟೊ ತೋರಿಸಿ. ದಾವಣಗೆರೆಯ ದಂತ ಕಾಲೇಜುಗಳಲ್ಲಿ ವಸಡಿನ ಶಸ್ತ್ರಚಿಕಿತ್ಸೆಗೆ ಬಳಸುವ ಮೂಳೆ ತುಂಬುವ ಪುಡಿಯೂ ಇದಕ್ಕೆ ಹತ್ತಿರದ ವಿದ್ಯೆಯಿಂದ ಬಂದದ್ದು ಎಂದರೆ ಸೋದರಮಾವನಿಗೂ ಅರ್ಥವಾಗುತ್ತದೆ. ಆಸ್ಪತ್ರೆ ಹಾಕುವ ಡಾಕ್ಟರ್ ಬೇರೆ, ಆ ಡಾಕ್ಟರ ಕೈಗೆ ಸಾಮಗ್ರಿ ಕೊಡುವ ಡಾಕ್ಟರ್ ಬೇರೆ ಎಂದು ಅವರಿಗೆ ಯಾರೂ ಹೇಳಿಲ್ಲ. ಜೀವಕೋಶಗಳಿಂದ ಅಂಗಾಂಶ ಬೆಳೆಸುವ ನಿಮ್ಮ ಕ್ಷೇತ್ರ ಹೊಸದು. ಲ್ಯಾಂಗರ್ ಮತ್ತು ವಕಾಂಟಿ ಎಂಬ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಅದಕ್ಕೊಂದು ರೂಪ ಕೊಟ್ಟದ್ದು 1993ರಲ್ಲಿ. ಹೆಚ್ಚೂಕಡಿಮೆ ನಿಮ್ಮಷ್ಟೇ ವಯಸ್ಸಿನ ವಿದ್ಯೆ ಊರಿಗೆ ಗೊತ್ತಿಲ್ಲದಿರುವುದು ಯಾರ ತಪ್ಪೂ ಅಲ್ಲ. ಹಣದ ವಿಷಯವನ್ನೂ ಮುಚ್ಚಿಡಬೇಡಿ: ‘ಇಂಥ ತಿಂಗಳಿಂದ ಕಳಿಸಲು ಆಗಲಿಕ್ಕಿಲ್ಲ’ ಎಂದು ಈಗಲೇ ಅಕ್ಕನಿಗೋ ಅಪ್ಪನಿಗೋ ತಿಳಿಸಿ. ಮುಂಚೆ ಗೊತ್ತಾದರೆ ಅವರು ಬೇರೆ ಏರ್ಪಾಡು ಮಾಡಿಕೊಳ್ಳುತ್ತಾರೆ. ಮದುವೆಯ ಮಾತಿಗೆ, ‘ಆರು ತಿಂಗಳು ಈ ವಿಷಯ ಬೇಡ, ಆಮೇಲೆ ನಾನೇ ಕೂತು ಮಾತಾಡುತ್ತೇನೆ’ ಎಂದು ಅಕ್ಕನ ಮೂಲಕ ಹೇಳಿಸಬಹುದು. ಎಲ್ಲರಿಗೂ ಒಮ್ಮೆಲೇ ಹೇಳುವುದು ಕಷ್ಟವಾದರೆ ಅಕ್ಕನಿಂದಲೇ ಶುರು ಮಾಡಿ.

ಇದನ್ನು ಓದುತ್ತಿರುವ ತಂದೆ ತಾಯಂದಿರಿಗೂ ಒಂದು ಮಾತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳ್ಳಿಗಳಿಂದ ಹೋಗಿ ಬೆಂಗಳೂರು, ಹೈದರಾಬಾದಿನಂಥ ಊರುಗಳ ಲ್ಯಾಬುಗಳಲ್ಲಿ ದುಡಿಯುತ್ತಿರುವ ಮಕ್ಕಳು ಇನ್ನೂ ಇದ್ದಾರೆ. ಅವರು ಹಬ್ಬಕ್ಕೆ ಬರುವುದು ತಪ್ಪಿಸಿದರೆ, ಫೋನಿನಲ್ಲಿ ಮಾತು ಕಡಿಮೆ ಮಾಡಿದರೆ ‘ದೊಡ್ಡವರಾದರು, ಮರೆತರು’ ಎಂದುಕೊಳ್ಳಬೇಡಿ. ಓದು ಯಾವಾಗ ಮುಗಿಯುತ್ತದೆ ಎಂದು ಕೇಳುವ ಮೊದಲು, ನಿದ್ದೆ ಬರುತ್ತಿದೆಯೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ ಎಂದು ಕೇಳಿ. ‘ಮುಗಿಯದಿದ್ದರೂ ಮನೆ ಇದೆ, ಬಾ’ ಎಂದು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಮಕ್ಕಳು ಊರಿನಲ್ಲಿರುವಾಗ ಕುಗ್ಗಿದಂತೆ ಕಂಡರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಅಲ್ಲಿಗೆ ಬರುವ ಏರ್ಪಾಡಿದೆ, ಯಾವ ಮಂಗಳವಾರ ಎಂದು ವಿಚಾರಿಸಿ ಹೋಗಿ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗವಿದೆ.

ನಿಮಗೆ ಕೊನೆಯದಾಗಿ ಇಷ್ಟು: ಪಿಎಚ್‌.ಡಿ ಮುಗಿದರೆ ನನಗೆ ಸಂತೋಷ, ಮುಗಿಯದೆ ಬೇರೆ ಕೆಲಸ ಹಿಡಿದರೂ ಅಷ್ಟೇ ಸಂತೋಷ. ನೀವು ಉಳಿಯುವುದು, ಚೆನ್ನಾಗಿರುವುದು ಇವೆರಡಕ್ಕಿಂತ ಮುಖ್ಯ. ಈ ವಾರ ಎರಡೇ ಕೆಲಸ ಮಾಡಿ. 14416ಕ್ಕೆ ಕರೆ ಮಾಡಿ, ಮತ್ತು ಅಕ್ಕನಿಗೆ ಫೋನ್ ಮಾಡಿ ಯುಗಾದಿಗೆ ಯಾಕೆ ಬರಲಿಲ್ಲ ಎಂಬ ನಿಜ ಹೇಳಿ. ಉಳಿದ ಹೆಜ್ಜೆಗಳು ಮುಂದಿನ ವಾರದಿಂದ. ಏನಾಯಿತು ಎಂದು ಮತ್ತೆ ಬರೆಯಿರಿ.